ಪದವಿ ಮುಗಿದ ಮೇಲಿನ ಮೊದಲ ಐದು ವರ್ಷ: ಕೆಲಸ ಹಿಡಿಯುವುದು, ವಿಶ್ವವಿದ್ಯಾನಿಲಯದ ನಂಟು ಉಳಿಸಿಕೊಳ್ಳುವುದು

ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದು ವಾರವಾಗುವುದರೊಳಗೆ ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿರುತ್ತಾರೆ. ಕಾಲೇಜಿನ ಐಡಿ ಕಾರ್ಡು ಕಪಾಟಿನ ಮೂಲೆ ಸೇರುತ್ತದೆ, ವಾಟ್ಸ್ಆ್ಯಪ್ ಗುಂಪು ತಿಂಗಳೊಪ್ಪತ್ತಿನಲ್ಲಿ ತಣ್ಣಗಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಒಂದು ಫೋನು ಬರುತ್ತದೆ: "ಮೇಡಂ, ನನ್ನ ನೆನಪುಂಟಾ? ಒಂದು ಟ್ರಾನ್ಸ್‌ಕ್ರಿಪ್ಟ್ ಬೇಕಿತ್ತು, ಈ ಶುಕ್ರವಾರದೊಳಗೆ." ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲ ಸೆಮಿಸ್ಟರುಗಳ ಅಂಕಗಳನ್ನು ಒಟ್ಟಿಗೆ ತೋರಿಸುವ ಅಧಿಕೃತ ದಾಖಲೆ.

ಉಡುಪಿಯ ಕಾಲೇಜೊಂದರಲ್ಲಿ ಅಂತಿಮ ವರ್ಷದವರ ಉದ್ಯೋಗ ಮಾಹಿತಿ ಘಟಕವನ್ನು ನೋಡಿಕೊಳ್ಳುವವಳು ನಾನು. ಇಂಥ ಫೋನುಗಳಿಂದ ಒಂದು ವಿಷಯ ನನಗೆ ಗಟ್ಟಿಯಾಗಿದೆ. ವಿಶ್ವವಿದ್ಯಾನಿಲಯದ ಜತೆಗಿನ ನಂಟನ್ನು ನಾವು ಹಳೆ ವಿದ್ಯಾರ್ಥಿಗಳ ಸಮಾವೇಶದ ದಿನಕ್ಕೆ, ಊಟಕ್ಕೆ, ಗ್ರೂಪ್ ಫೋಟೋಕ್ಕೆ ಮೀಸಲಿಟ್ಟುಬಿಟ್ಟಿದ್ದೇವೆ. ಆದರೆ ಆ ನಂಟು ನಿಜವಾಗಿ ಕೆಲಸಕ್ಕೆ ಬರುವುದು ವೃತ್ತಿಯ ಮೊದಲ ಐದು ವರ್ಷಗಳಲ್ಲಿ: ಕಾಗದಪತ್ರಕ್ಕೆ, ಶಿಫಾರಸಿಗೆ, ಮೊದಲ ಕೆಲಸಕ್ಕೆ, ಎರಡನೆಯ ಕೆಲಸಕ್ಕೆ. ನಿಮ್ಮ ಹಿಂದೆ ಬರುವವರಿಗೆ ನಿಮ್ಮಿಂದ ಹೆಚ್ಚು ಉಪಯೋಗ ಆಗುವುದೂ ಅದೇ ಐದು ವರ್ಷಗಳಲ್ಲಿ. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಯಾವುದರ ನಂತರ ಯಾವುದು ಎಂದು ಕ್ರಮವಾಗಿ ಬರೆಯುತ್ತಿದ್ದೇನೆ.

ಹಂತ 1: ನಿಮ್ಮ ವಿಶ್ವವಿದ್ಯಾನಿಲಯ ಯಾವುದು?

ಹಾಸ್ಯಕ್ಕೆ ಕೇಳುವ ಪ್ರಶ್ನೆ ಅಲ್ಲ ಇದು. ಕರಾವಳಿಯಲ್ಲಿ ಒಂದೇ ರಸ್ತೆಯ ಎರಡು ಕಾಲೇಜುಗಳ ಮಕ್ಕಳಿಗೆ ಪದವಿ ಕೊಡುವ ವಿಶ್ವವಿದ್ಯಾನಿಲಯ ಬೇರೆ ಬೇರೆ ಆಗಿರಬಹುದು. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಬಿ.ಎ., ಬಿ.ಸಿ.ಎ. ಓದಿದ ಹೆಚ್ಚಿನವರದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು, 1980ರ ಸೆಪ್ಟೆಂಬರ್ 10ರಂದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಅದರ ವಿಶ್ವವಿದ್ಯಾನಿಲಯ ಕಾಲೇಜು ಅದಕ್ಕಿಂತ ಬಹಳ ಹಳತು, 1868ರದ್ದು.

ಇಂಜಿನಿಯರಿಂಗ್ ಓದಿದವರಿಗೆ ಸಾಮಾನ್ಯವಾಗಿ ಬೆಳಗಾವಿಯ ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ), ಕಾನೂನು ಓದಿದವರಿಗೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾನಿಲಯ, ನರ್ಸಿಂಗ್ ಮತ್ತು ವೈದ್ಯಕೀಯ ಕೋರ್ಸುಗಳ ಅನೇಕರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಮಣಿಪಾಲ, ನಿಟ್ಟೆ, ಯೇನೆಪೋಯ ಡೀಮ್ಡ್ ವಿಶ್ವವಿದ್ಯಾನಿಲಯಗಳು, ಅಂದರೆ ಪದವಿಯನ್ನು ತಾವೇ ಕೊಡುವ ಮಾನ್ಯತೆ ಪಡೆದ ಸಂಸ್ಥೆಗಳು. ಸುರತ್ಕಲ್‌ನ ಎನ್.ಐ.ಟಿ.ಕೆ. ತನ್ನ ಪದವಿಯನ್ನು ತಾನೇ ಕೊಡುತ್ತದೆ. ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಅದಕ್ಕೆ ಮುಂಚೆ ಪದವಿ ಪಡೆದವರ ಪದವಿ ಪತ್ರದ ಮೇಲಿರುವುದು ಮಂಗಳೂರು ವಿಶ್ವವಿದ್ಯಾನಿಲಯದ ಹೆಸರು.

ಸ್ವಾಯತ್ತ ಕಾಲೇಜಿನವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಪರೀಕ್ಷೆ ನಡೆಸುವುದು ಕಾಲೇಜು, ಪದವಿ ಕೊಡುವುದು ವಿಶ್ವವಿದ್ಯಾನಿಲಯ. ಅಂದರೆ ಅಂಕಪಟ್ಟಿಯ ತಿದ್ದುಪಡಿಗೆ ಒಂದು ಬಾಗಿಲು, ಪದವಿ ಪತ್ರಕ್ಕೆ ಇನ್ನೊಂದು. ಅರ್ಜಿ ಹಾಕುವಾಗ "ವಿಶ್ವವಿದ್ಯಾನಿಲಯ" ಎಂಬ ಕಾಲಂನಲ್ಲಿ ಕಾಲೇಜಿನ ಹೆಸರು ಬರೆದವರ ಅರ್ಜಿ ದಾಖಲೆ ಪರಿಶೀಲನೆಯ ಹೊತ್ತಿಗೆ ಸಿಕ್ಕಿಬೀಳುತ್ತದೆ.

ಹಂತ 2: ಊರು ಬಿಡುವ ಮೊದಲು ಕಾಗದಪತ್ರ

ಕಾಲೇಜು ಕಚೇರಿಗೆ ಒಂದು ಬೆಳಗ್ಗೆ ಹೋಗಿ. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಪ್ರೊವಿಷನಲ್ (ತಾತ್ಕಾಲಿಕ ಪದವಿ) ಪ್ರಮಾಣಪತ್ರ, ಟಿ.ಸಿ., ನಡತೆ ಪ್ರಮಾಣಪತ್ರ ಕೈಗೆ ಬಂತೇ ನೋಡಿಕೊಳ್ಳಿ. ಬೇರೆ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರಕ್ಕೆ ಸೇರುವವರಿಗೆ ಮೈಗ್ರೇಷನ್ ಪ್ರಮಾಣಪತ್ರವೂ ಬೇಕು. ಪದವಿ ಪತ್ರ ತಾನಾಗಿ ಮನೆಗೆ ಬರುವುದಿಲ್ಲ. ಘಟಿಕೋತ್ಸವದ ಪ್ರಕಟಣೆ ಹೊರಟಾಗ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಸಮಾರಂಭಕ್ಕೆ ಹೋಗಲಾಗದವರೂ ಅರ್ಜಿ ಹಾಕಲೇಬೇಕು. ಇದನ್ನು ಮರೆತು ವರ್ಷಗಟ್ಟಲೆ ಪ್ರೊವಿಷನಲ್‌ನಲ್ಲೇ ದಿನ ದೂಡುವವರು ಬಹಳ ಮಂದಿ.

ಮಂಗಳೂರು ವಿಶ್ವವಿದ್ಯಾನಿಲಯದಂಥ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ 2021ರಿಂದ ಪದವಿಗೆ ಸೇರಿದ ಹೆಚ್ಚಿನವರ ಪ್ರವೇಶ, ಪರೀಕ್ಷೆ, ಫಲಿತಾಂಶ ಯು.ಯು.ಸಿ.ಎಂ.ಎಸ್. ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಅದರ ಲಾಗಿನ್‌ಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಕೆಲಸ ಸಿಕ್ಕ ಖುಷಿಯಲ್ಲಿ ಬಿಟ್ಟುಬಿಡಬೇಡಿ. ಡಿಜಿಲಾಕರ್‌ನಲ್ಲಿ ಸಿಗುವ ಅಂಕಪಟ್ಟಿ, ಪದವಿ ಪತ್ರಗಳನ್ನು ಇಳಿಸಿಕೊಳ್ಳಿ. ಅಲ್ಲಿಂದ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ಕಾಗದದ ಮೂಲ ಪ್ರತಿಗಳು ಮಾತ್ರ ಮನೆಯಲ್ಲೇ ಇರಲಿ. ಪಿ.ಜಿ. (ಪೇಯಿಂಗ್ ಗೆಸ್ಟ್) ಕೋಣೆಯ ಟ್ರಂಕಿನಲ್ಲಿ ಇಡಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಮುಂದೆ ಹಿಂಬದಿಗೆ ಮೊಹರು ಒತ್ತಬೇಕಾಗಿ ಬಂದಾಗ ಲ್ಯಾಮಿನೇಷನ್ ಆದ ಪ್ರಮಾಣಪತ್ರ ಯಾವ ಕೌಂಟರಿನಲ್ಲೂ ನಡೆಯುವುದಿಲ್ಲ.

ಯಾರೂ ಹೇಳದ ಒಂದು ಕಾಗದ ಇದೆ: ನೀವು ಓದಿದ ವರ್ಷದ ಪಠ್ಯಕ್ರಮದ ಪ್ರತಿ. ವಿದೇಶದ ವಿಶ್ವವಿದ್ಯಾನಿಲಯಗಳು, ಕೆಲವೊಮ್ಮೆ ಇಲ್ಲಿನ ನೇಮಕಾತಿಯವರೂ, ನೀವು ಯಾವ ವಿಷಯವನ್ನು ಎಷ್ಟು ಗಂಟೆ ಓದಿದ್ದೀರಿ ಎಂದು ಕೇಳುತ್ತಾರೆ. ನಮ್ಮಲ್ಲಿ ಪಠ್ಯಕ್ರಮ ಬೇಗಬೇಗ ಬದಲಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟು ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಿಮ್ಮ ಬ್ಯಾಚಿನ ಪಠ್ಯಕ್ರಮವನ್ನು ಈಗಲೇ ಇಳಿಸಿಟ್ಟುಕೊಂಡು, ಸಾಧ್ಯವಿದ್ದರೆ ವಿಭಾಗದ ಮುಖ್ಯಸ್ಥರಿಂದ ಸಹಿ ಮೊಹರು ಹಾಕಿಸಿಕೊಳ್ಳಿ. ಐದು ವರ್ಷ ಬಿಟ್ಟು ಹುಡುಕುವಾಗ ಅದನ್ನು ಕಲಿಸಿದವರೇ ಕಾಲೇಜಿನಲ್ಲಿ ಇರಲಿಕ್ಕಿಲ್ಲ.

ಹಂತ 3: ಹೆಸರು

ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ಕರಾವಳಿಯ ಪದವೀಧರರನ್ನು ಇದರಷ್ಟು ಕಾಡುವ ಸಂಗತಿ ಇನ್ನೊಂದಿಲ್ಲ.

ನಮ್ಮಲ್ಲಿ ಹೆಸರಿನ ಮುಂದೋ ಹಿಂದೋ ಒಂದು ಇನಿಷಿಯಲ್. ಅದು ತಂದೆಯ ಹೆಸರಿನದ್ದಾಗಿರಬಹುದು, ಊರಿನದ್ದಾಗಿರಬಹುದು, ಮನೆ ಹೆಸರಿನದ್ದಾಗಿರಬಹುದು. ಶಾಲೆಗೆ ಸೇರಿಸುವಾಗ ಟೀಚರು ಬರೆದದ್ದು "ರಕ್ಷಿತಾ ಕೆ." ಆಧಾರ್ ಮಾಡಿಸುವಾಗ ಅಪ್ಪ ಹೇಳಿದ್ದು "ರಕ್ಷಿತಾ ಕುಲಾಲ್". ಪ್ಯಾನ್ ಕಾರ್ಡಿನ ಅರ್ಜಿ ತುಂಬಿಸಿದ ಅಂಗಡಿಯವರು ಮಾಡಿದ್ದು "ರಕ್ಷಿತಾ ಕೃಷ್ಣ ಕುಲಾಲ್". ಊರಿನಲ್ಲಿ ಇರುವಷ್ಟು ದಿನ ಮೂರೂ ಒಬ್ಬಳೇ ಹುಡುಗಿ. ಕಂಪನಿಯ ದಾಖಲೆ ಪರಿಶೀಲನೆಯ ತಂತ್ರಾಂಶಕ್ಕೆ ಮಾತ್ರ ಮೂವರು. ಪಿ.ಎಫ್. (ಭವಿಷ್ಯ ನಿಧಿ) ಖಾತೆಗೆ ಆಧಾರ್ ಹೆಸರು, ಸಂಬಳದ ತೆರಿಗೆಗೆ ಪ್ಯಾನ್ ಹೆಸರು, ಪದವಿಗೆ ಎಸ್.ಎಸ್.ಎಲ್.ಸಿ. ಹೆಸರು. ಒಂದಕ್ಕೊಂದು ತಾಳೆಯಾಗದಿದ್ದರೆ ಹಣ ತೆಗೆಯುವ ದಿನ ಗೋಳು.

ಮಾಡಬೇಕಾದ್ದು ಇಷ್ಟು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಬುನಾದಿ ಎಂದಿಟ್ಟುಕೊಳ್ಳಿ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ, ಪದವಿಯ ದಾಖಲೆಗಳೆಲ್ಲ ಅದರಿಂದಲೇ ಇಳಿದು ಬಂದವು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಇನಿಷಿಯಲ್ ಬಿಡಿಸಿ ಬರೆಯಲೇಬೇಕಾದ ಕಡೆ ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಬಿಡಿಸಿ. ಪದವಿಯ ಅಂಕಪಟ್ಟಿಯಲ್ಲೇ ಅಕ್ಷರ ತಪ್ಪಿದ್ದರೆ, ಎಸ್.ಎಸ್.ಎಲ್.ಸಿ. ಪ್ರತಿಯ ಜತೆ ಕಾಲೇಜಿನ ಮೂಲಕ ಪರೀಕ್ಷಾಂಗ ಕುಲಸಚಿವರಿಗೆ (ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆಗಳ ಹೊಣೆ ಹೊತ್ತ ರಿಜಿಸ್ಟ್ರಾರ್) ಅರ್ಜಿ ಕೊಡಿ, ಅದೂ ಪದವಿ ಪತ್ರ ಮುದ್ರಣಕ್ಕೆ ಹೋಗುವ ಮೊದಲು. ಮುದ್ರಣವಾದ ಮೇಲೆ ತಿದ್ದಿಸುವುದೆಂದರೆ ಬೇರೆಯೇ ಶುಲ್ಕ, ಬೇರೆಯೇ ಓಡಾಟ.

ಗಲ್ಫಿನ ಕನಸಿರುವವರಿಗೆ ಇನ್ನೊಂದು ಮಾತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಒಂದೇ ಹೆಸರು ಇದ್ದವರಿಗೆ ಯು.ಎ.ಇ. 2022ರ ನವೆಂಬರ್‌ನಿಂದ ವಿಸಿಟ್ ವೀಸಾದಲ್ಲಿ ತಕರಾರು ತೆಗೆಯುತ್ತಿದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಕಾಲಂ ತುಂಬಿಸಿ. ಮದುವೆಯಾದ ಹೆಣ್ಣುಮಕ್ಕಳಿಗೆ ನನ್ನ ಸಲಹೆ: ಗಂಡನ ಮನೆಯವರು ಪ್ರೀತಿಯಿಂದ ಹೇಳಿದರೂ ಅವಸರದಲ್ಲಿ ಹೆಸರು ಬದಲಿಸಬೇಡಿ. ಬದಲಿಸಲೇಬೇಕು ಎಂಬ ಕಾನೂನೇನೂ ಇಲ್ಲ. ಪದವಿ ಪತ್ರದ ಹೆಸರಿನಲ್ಲೇ ವೃತ್ತಿ ಮುಂದುವರಿಸಬಹುದು.

ಹಂತ 4: ಮೂರು ಜನರ ಸಂಪರ್ಕ

ಇಡೀ ಸಂಸ್ಥೆಯ ಜತೆ ಯಾರೂ ನಂಟು ಇಟ್ಟುಕೊಳ್ಳಲಾರರು. ಮೂವರನ್ನು ಇಟ್ಟುಕೊಳ್ಳಿ, ಸಾಕು. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಒಬ್ಬ ಅಧ್ಯಾಪಕರು: ಪ್ರಾಜೆಕ್ಟ್ ಮಾಡಿಸಿದವರು, ಸೆಮಿನಾರಿನಲ್ಲಿ ನಿಮ್ಮನ್ನು ತಿದ್ದಿದವರು, ಎನ್.ಎಸ್.ಎಸ್. ಶಿಬಿರದಲ್ಲಿ ನಿಮ್ಮ ಜತೆ ದುಡಿದವರು. ಕಚೇರಿಯ ಒಬ್ಬ ಸಿಬ್ಬಂದಿ, ಅರ್ಜಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರುವವರು. ಮತ್ತೆ ನಿಮಗಿಂತ ಎರಡು ಮೂರು ವರ್ಷ ಮುಂದಿರುವ ಒಬ್ಬ ಸೀನಿಯರ್. ಇಪ್ಪತ್ತು ವರ್ಷ ಹಿಂದಿನ ಹಳೆ ವಿದ್ಯಾರ್ಥಿ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಈಗಿನ ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದು ಅವರಿಗಿಂತ ಈ ಸೀನಿಯರ್‌ಗೆ ಚೆನ್ನಾಗಿ ಗೊತ್ತು.

ಕಾಲೇಜು ಕೊಟ್ಟ ಇಮೇಲ್ ಯಾವಾಗ ನಿಲ್ಲುತ್ತದೆ ಹೇಳಲಾಗದು. ನಿಮ್ಮ ಹೆಸರಿನಲ್ಲಿರುವ ಸ್ವಂತ ಇಮೇಲ್ ಒಂದನ್ನು ಮೂವರಿಗೂ, ವಿಭಾಗಕ್ಕೂ, ಹಳೆ ವಿದ್ಯಾರ್ಥಿ ಸಂಘಕ್ಕೂ ಕೊಡಿ. ಆಮೇಲೆ ವರ್ಷಕ್ಕೆ ಎರಡು ಸಲ, ಏನೂ ಕೇಳದೆ, ನಾಲ್ಕು ಸಾಲು ಬರೆಯಿರಿ. ಒಬ್ಬ ಹುಡುಗಿ ನನಗೆ ಬರೆದ ಸಂದೇಶ ಹೀಗಿತ್ತು: "ಮೇಡಂ, ನಮಸ್ಕಾರ. ಈಗ ಜಿ.ಎಸ್.ಟಿ. ವಿಭಾಗದಲ್ಲಿದ್ದೇನೆ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ದಿನಾ ಬೇಕಾಗ್ತದೆ, ನಮಗೆ ಕ್ಲಾಸಿನಲ್ಲಿ ಅದು ಒಂದೇ ದಿನ ಆದದ್ದು. ಈ ವರ್ಷದವರಿಗೆ ಸ್ವಲ್ಪ ಹೆಚ್ಚು ಮಾಡಿಸಿದರೆ ಒಳ್ಳೆಯದು." ಆ ವರ್ಷ ನಾವು ಅದನ್ನು ಹೆಚ್ಚು ಮಾಡಿಸಿದೆವು. ಅವಳು ಮುಂದೆ ಶಿಫಾರಸು ಪತ್ರ ಕೇಳಿದಾಗ ನನಗೆ ಅವಳನ್ನು ನೆನಪು ಮಾಡಿಕೊಳ್ಳುವ ಅಗತ್ಯ ಬೀಳಲಿಲ್ಲ.

ಹಂತ 5: ಮೊದಲ ಕೆಲಸ

ಹುಡುಕುವ ಮೊದಲು ಮನೆಯವರ ಜತೆ ಕುಳಿತು ಒಂದು ತೀರ್ಮಾನ ಮಾಡಿ: ಬೆಂಗಳೂರೋ, ಇಲ್ಲೋ, ಹೊರದೇಶವೋ, ಪರೀಕ್ಷೆಗೆ ಓದುವುದೋ. ನಾಲ್ಕಕ್ಕೂ ಒಟ್ಟಿಗೆ ಕೈ ಹಾಕಿದವರು ಒಂದು ವರ್ಷ ಕಳೆದರೂ ಅಲ್ಲೇ ಇರುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕ್ ಕೆಲಸದ ಮೇಲಿನ ಪ್ರೀತಿಗೆ ಕಾರಣ ಇದೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ಕರ್ಣಾಟಕ ಬ್ಯಾಂಕ್ 1924ರದ್ದು, ಸಿಂಡಿಕೇಟ್ ಬ್ಯಾಂಕ್ 1925ರದ್ದು, ವಿಜಯಾ ಬ್ಯಾಂಕ್ 1931ರದ್ದು. ಹಿಂದಿನ ತಲೆಮಾರಿನ ಮನೆಮನೆಯಲ್ಲೂ ಒಬ್ಬ ಬ್ಯಾಂಕಿನವರು. ಆದರೆ 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಮಾವನೋ ದೊಡ್ಡಪ್ಪನೋ ಹೇಳಿ ಸೇರಿಸುವ ಕಾಲ ಎಂದೋ ಮುಗಿದಿದೆ. ಸರ್ಕಾರಿ ಬ್ಯಾಂಕುಗಳಿಗೆ ದಾರಿ ಐ.ಬಿ.ಪಿ.ಎಸ್. (ಬ್ಯಾಂಕುಗಳ ಪರವಾಗಿ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ) ಮತ್ತು ಎಸ್.ಬಿ.ಐ. ಪರೀಕ್ಷೆ. ಐ.ಬಿ.ಪಿ.ಎಸ್.ನಲ್ಲಿ ಗುಮಾಸ್ತ ಹುದ್ದೆಗೆ ಸಾಮಾನ್ಯ ವರ್ಗಕ್ಕೆ ವಯಸ್ಸು 20ರಿಂದ 28, ಅಧಿಕಾರಿ ಹುದ್ದೆಗೆ 20ರಿಂದ 30. ಓದಲು ಕೂರುವುದಾದರೆ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೂರಿ. ಪಾಸಾದ ಸೀನಿಯರ್ ಒಬ್ಬರನ್ನು ಹುಡುಕಿ, "ಎಷ್ಟು ಮಾಕ್ ಟೆಸ್ಟ್ ಬರೆದಿರಿ, ಯಾವ ವಿಭಾಗ ನಿಮ್ಮನ್ನು ಹಿಡಿದಿಟ್ಟಿತು" ಎಂದು ಕೇಳಿ. ಕೋಚಿಂಗ್ ಸೆಂಟರಿನ ಫಲಕಕ್ಕಿಂತ ಈ ಎರಡು ಉತ್ತರಗಳಿಗೆ ಬೆಲೆ ಹೆಚ್ಚು.

ಖಾಸಗಿಯಲ್ಲಿ ಊರ ಹತ್ತಿರವೇ ಇರಬೇಕೆನ್ನುವವರಿಗೆ ಇನ್ಫೋಸಿಸ್‌ನ ಮುಡಿಪು ಕ್ಯಾಂಪಸ್ಸು ಕೊಣಾಜೆಯ ಪಕ್ಕದಲ್ಲೇ ಇದೆ. ಮಂಗಳೂರು, ಮಣಿಪಾಲಗಳಲ್ಲಿ ಸಣ್ಣ ಮಧ್ಯಮ ಸಾಫ್ಟ್‌ವೇರ್ ಕಂಪನಿಗಳು, ಆಸ್ಪತ್ರೆಗಳ ಆಡಳಿತ ವಿಭಾಗ, ಲೆಕ್ಕಪರಿಶೋಧಕರ ಕಚೇರಿಗಳು ಇವೆ. ಬಿ.ಕಾಂ. ಮಕ್ಕಳಿಗೆ ನಾನು ಒತ್ತಿ ಹೇಳುವುದು ಈ ಕೊನೆಯದ್ದನ್ನು. ಸಿ.ಎ. ಕಚೇರಿಯಲ್ಲಿ ಸಂಬಳ ಕಡಿಮೆ, ಸೆಪ್ಟೆಂಬರ್ ಬಂತೆಂದರೆ ರಾತ್ರಿ ಒಂಬತ್ತರವರೆಗೆ ಕೆಲಸ. ಆದರೆ ಎರಡು ವರ್ಷದಲ್ಲಿ ಹೋಟೆಲ್, ಗೋಡಂಬಿ ಕಾರ್ಖಾನೆ, ಸಹಕಾರಿ ಸಂಘ, ಮೀನು ರಫ್ತು, ಎಲ್ಲದರ ಲೆಕ್ಕವೂ ಕೈಗೆ ಬರುತ್ತದೆ. ಮೊದಲ ಕೆಲಸದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು: ಎರಡು ವರ್ಷದ ಮೇಲೆ ನನಗೆ ಏನು ಮಾಡಲು ಬರುತ್ತದೆ? ಉತ್ತರ ಸ್ಪಷ್ಟವಾಗಿದ್ದರೆ ಎರಡು ಮೂರು ಸಾವಿರ ಕಡಿಮೆಯಾದರೂ ಒಪ್ಪಿಕೊಳ್ಳಿ. ಮನೆಯ ಸಾಲ ಹೊತ್ತವರಿಗೆ ಈ ಆಯ್ಕೆ ಇರುವುದಿಲ್ಲ, ಅವರು ಮೊದಲು ಸಂಬಳವನ್ನೇ ನೋಡಲಿ.

ಕೇಂದ್ರದ ಎನ್.ಎ.ಟಿ.ಎಸ್. (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಳ್ಳುವುದನ್ನು ಬಿಡಬೇಡಿ. ಸಾಮಾನ್ಯವಾಗಿ ಒಂದು ವರ್ಷದ ತರಬೇತಿ, ಸ್ಟೈಪೆಂಡ್, ಕೊನೆಗೆ ಪ್ರಮಾಣಪತ್ರ. ದೊಡ್ಡ ಸಾರ್ವಜನಿಕ ಉದ್ಯಮಗಳ ಒಳಗನ್ನು ನೋಡಲು ಇದು ಒಳ್ಳೆಯ ದಾರಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ನಿರುದ್ಯೋಗ ಭತ್ಯೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ. ಮುಂದೆ ಓದುತ್ತಿರುವವರಿಗೆ ಇದು ಇಲ್ಲ, ಕೆಲಸ ಸಿಕ್ಕ ಕೂಡಲೇ ತಿಳಿಸಬೇಕು. ಸಂಕೋಚ ಪಡುವಂಥದ್ದು ಇದರಲ್ಲಿ ಏನೂ ಇಲ್ಲ, ಮಂಗಳೂರಿಗೆ ಸಂದರ್ಶನಕ್ಕೆ ಹೋಗಿಬರುವ ಬಸ್ ಖರ್ಚಾದರೂ ಅದರಲ್ಲಿ ನಡೆಯುತ್ತದೆ.

ಹಂತ 6: ಆಫರ್ ಲೆಟರ್ ಓದುವುದು

"ವರ್ಷಕ್ಕೆ ಮೂರು ಲಕ್ಷ" ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಮನೆಯಲ್ಲಿ ಲೆಕ್ಕ ಹಾಕಿರುತ್ತಾರೆ. ಬಿಡಿಸಿ ನೋಡೋಣ. ಮೂಲ ವೇತನ 12,500 ಎಂದುಕೊಳ್ಳಿ. ಕಂಪನಿ ಕಟ್ಟುವ ಪಿ.ಎಫ್. ಅದರ 12 ಶೇಕಡಾ, ಅಂದರೆ 1,500. ಅದು ನಿಮ್ಮ ಮೂರು ಲಕ್ಷದೊಳಗೇ ಸೇರಿದೆ. ಗ್ರಾಚ್ಯುಟಿಗೆಂದು (ಸೇವೆ ಮುಗಿದಾಗ ಕೊಡುವ ಮೊತ್ತ) ಸುಮಾರು 600. ಉಳಿದದ್ದು 22,900. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. ಮತ್ತೆ 1,500 ಕಳೆದರೆ ಕೈಗೆ ಬರುವುದು 21,400ರ ಆಸುಪಾಸು. ವೇರಿಯಬಲ್ ಪೇ (ಕೆಲಸದ ಫಲ ನೋಡಿ ಕೊಡುವ ಭಾಗ), ವಿಮೆ ಎಂದೆಲ್ಲ ಇದ್ದರೆ ಇನ್ನೂ ಇಳಿಯುತ್ತದೆ. ಬೆಂಗಳೂರಿನ ಪಿ.ಜಿ. ಬಾಡಿಗೆಯನ್ನು ಈ ಮೊತ್ತದ ಎದುರಿಗಿಟ್ಟು ನೋಡಿ ತೀರ್ಮಾನಿಸಿ.

ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದೆಯೇ, ಎಷ್ಟು ಕಾಲ, ಮುರಿದರೆ ಎಷ್ಟು ಕಟ್ಟಬೇಕು, ನೋಟಿಸ್ ಅವಧಿ ಎಷ್ಟು, ಇವನ್ನು ಸಹಿಗೆ ಮೊದಲೇ ಓದಿ. ಮೂಲ ಪ್ರಮಾಣಪತ್ರಗಳನ್ನು "ಕಂಪನಿಯಲ್ಲೇ ಇರಲಿ" ಎಂದು ಕೇಳಿದರೆ ಕೊಡಬೇಡಿ. ತೋರಿಸಿ, ವಾಪಸು ತನ್ನಿ. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವವರ ಮಾತಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ. ಸಂಶಯ ಬಂದರೆ ಪತ್ರವನ್ನು ನಿಮ್ಮ ಕಾಲೇಜಿನ ಉದ್ಯೋಗ ಮಾಹಿತಿ ಘಟಕಕ್ಕೆ ಕಳಿಸಿ ಕೇಳಿ. ಪಾಸಾಗಿ ಹೋದವರಿಗೂ ನಾವು ನೋಡಿ ಹೇಳುತ್ತೇವೆ. ಅದೇ ಕಂಪನಿಯ ಹಿಂದಿನ ಪತ್ರಗಳನ್ನು ನಾವು ನೋಡಿರುವ ಸಾಧ್ಯತೆ ಇರುತ್ತದೆ.

ಹಂತ 7: ಕೆಲಸದಲ್ಲಿ ಮೊದಲೆರಡು ವರ್ಷ

ಪಿ.ಎಫ್.ನ ಯು.ಎ.ಎನ್. ಸಂಖ್ಯೆ ಜೀವನಕ್ಕೆ ಒಂದೇ. ಕೆಲಸ ಬದಲಿಸಿದಾಗ ಹೊಸ ಸಂಖ್ಯೆ ಮಾಡಿಸಬೇಡಿ, ಹಳೆಯದಕ್ಕೇ ವರ್ಗಾಯಿಸಿ. ಐದು ವರ್ಷದ ನಿರಂತರ ಸೇವೆಗೆ ಮೊದಲು ಹಣ ತೆಗೆದರೆ ಅದಕ್ಕೆ ತೆರಿಗೆ ಬೀಳಬಹುದು. ಬಿಡುವಾಗ ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇಸ್ಲಿಪ್ ಇಷ್ಟನ್ನು ಪಡೆದೇ ಹೊರಡಿ; ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ ಮೇಲೆ ಕೇಳಿ ತರಿಸಿಕೊಳ್ಳಿ.

ಪ್ರತಿ ತಿಂಗಳ ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ, ಆ ತಿಂಗಳು ಕಲಿತದ್ದೇನು, ನಿಮ್ಮ ಕೈಯಿಂದಲೇ ಪೂರ್ತಿಯಾದ ಕೆಲಸ ಯಾವುದು ಎಂದು ಬರೆದಿಡಿ. ರೆಸ್ಯೂಮೆಗೆ ಬೇಕಾಗುವುದು ಅದೇ, ಜೂನಿಯರ್‌ಗಳ ಎದುರು ನಿಂತು ಮಾತಾಡುವಾಗ ಬೇಕಾಗುವುದೂ ಅದೇ.

ಹಂತ 8: ಮುಂದಿನ ಓದು, ಹೊರದೇಶ, ಶಿಫಾರಸು ಪತ್ರ

ಟ್ರಾನ್ಸ್‌ಕ್ರಿಪ್ಟ್‌ಗೆ ವಾರ ಸಾಲದು, ತಿಂಗಳುಗಳನ್ನೇ ಇಟ್ಟುಕೊಳ್ಳಿ. ಕೆನಡಾ, ಅಮೆರಿಕದ ಮೌಲ್ಯಮಾಪನ ಸಂಸ್ಥೆಗಳು ವಿಶ್ವವಿದ್ಯಾನಿಲಯವೇ ಮೊಹರು ಮಾಡಿದ ಲಕೋಟೆಯನ್ನೋ, ಅದು ನೇರವಾಗಿ ಕಳಿಸಿದ ದಾಖಲೆಯನ್ನೋ ಕೇಳುತ್ತವೆ. ನೀವು ದೂರದಲ್ಲಿದ್ದರೆ ಅಧಿಕಾರ ಪತ್ರ ಬರೆದು, ನಿಮ್ಮ ಗುರುತಿನ ಚೀಟಿಯ ಪ್ರತಿ ಕೊಟ್ಟು, ಮನೆಯವರೊಬ್ಬರನ್ನು ಕಳಿಸಬೇಕಾಗುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ (ಮಂಗಳೂರು ನಗರದ್ದು) ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಕೊಣಾಜೆಗೆ ಬಸ್ಸಿದೆ. ಬೈಂದೂರಿನಿಂದಲೋ ಸುಳ್ಯದಿಂದಲೋ ಬರುವವರಿಗೆ ಅದು ಇಡೀ ಒಂದು ದಿನದ ಕೆಲಸ. ಅಪ್ಪ ಅಮ್ಮನನ್ನು ಎರಡು ಸಲ ಓಡಿಸಬಾರದು ಎಂದಿದ್ದರೆ, ಬೇಕಾದ ಶುಲ್ಕ, ಪ್ರತಿಗಳ ಸಂಖ್ಯೆ, ಕೌಂಟರಿನ ಸಮಯ ಎಲ್ಲವನ್ನೂ ಮೊದಲೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ಹಂತ 4ರ ಕಚೇರಿ ಸಿಬ್ಬಂದಿ ಇಲ್ಲಿ ನೆರವಾಗುತ್ತಾರೆ.

ಗಲ್ಫಿಗೆ ಹೋಗುವವರ ದಾರಿ ದೇಶದಿಂದ ದೇಶಕ್ಕೆ ಬೇರೆ. ಸೌದಿ, ಒಮಾನ್, ಬಹರೈನ್ ಅಪಾಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ರಾಯಭಾರ ಕಚೇರಿಯ ಮೊಹರಿಲ್ಲದೆ ನಮ್ಮ ಸಚಿವಾಲಯದ ಒಂದೇ ದೃಢೀಕರಣವನ್ನು ಒಪ್ಪುತ್ತವೆ. ಪದವಿ ಪತ್ರಕ್ಕೆ ರಾಜ್ಯ ಮಟ್ಟದ ದೃಢೀಕರಣ ಆದ ಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಹಾಕಿಸಬೇಕು. ಯು.ಎ.ಇ.ಗೆ ಸಚಿವಾಲಯದ ದೃಢೀಕರಣದ ಮೇಲೆ ಅವರ ರಾಯಭಾರ ಕಚೇರಿಯ ಮೊಹರೂ ಬೇಕು. ಏಜೆಂಟರ ನೋಂದಣಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯೇ ಎಂದು ಹಣ ಕೊಡುವ ಮೊದಲು ನೋಡಿ. ಹಾಗೆಯೇ ಆ ಊರಿನಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರ ಹತ್ತಿರ ಕಂಪನಿಯ ಬಗ್ಗೆ ಎರಡು ಮಾತು ಕೇಳಿ. ದುಬೈ, ಮಸ್ಕತ್, ಮುಂಬೈ, ಎಲ್ಲಿ ಹೋದರೂ ನಮ್ಮೂರಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ಶಿಫಾರಸು ಪತ್ರ ಕೇಳುವಾಗ "ಸರ್, ಒಂದು ಲೆಟರ್ ಬೇಕು" ಎಂದಷ್ಟೇ ಕಳಿಸಬೇಡಿ. ನೀವು ಯಾವ ವರ್ಷ ಯಾವ ವಿಷಯ ಅವರ ಹತ್ತಿರ ಓದಿದ್ದು, ಪ್ರಾಜೆಕ್ಟ್ ಏನಿತ್ತು, ಈಗ ಏನು ಮಾಡುತ್ತಿದ್ದೀರಿ, ಯಾವ ಕೋರ್ಸಿಗೆ, ಕೊನೆಯ ದಿನ ಯಾವುದು, ಎಲ್ಲವನ್ನೂ ಒಂದು ಪುಟದಲ್ಲಿ ಬರೆದು, ಕನಿಷ್ಠ ಒಂದು ತಿಂಗಳು ಮುಂಚೆ ಕಳಿಸಿ. ಸೀಟು ಸಿಕ್ಕರೂ ಸಿಗದಿದ್ದರೂ ಫಲಿತಾಂಶ ತಿಳಿಸಿ. ಹೆಚ್ಚಿನವರು ಮರೆಯುವುದು ಇದನ್ನೇ, ಅಧ್ಯಾಪಕರು ಕಾಯುವುದೂ ಇದಕ್ಕೇ.

ಹಂತ 9: ತಿರುಗಿ ಕೊಡುವುದು, ಎರಡನೆಯ ವರ್ಷದಿಂದಲೇ

"ನಾನಿನ್ನೂ ಏನು ಸಾಧಿಸಿದ್ದೇನೆ ಅಂತ ಬರಲಿ ಮೇಡಂ" ಎನ್ನುತ್ತಾರೆ. ಸಾಧನೆ ಕೇಳಿದವರು ಯಾರು? ಅಂತಿಮ ವರ್ಷದ ಮಕ್ಕಳಿಗೆ ಬೇಕಾಗಿರುವುದು ನಿನ್ನೆ ಮೊನ್ನೆ ಅವರ ಬೆಂಚಿನಲ್ಲೇ ಕುಳಿತಿದ್ದ ಒಬ್ಬರು.

ದೀಪಾವಳಿಗೋ ಊರ ಜಾತ್ರೆಗೋ ಬಂದಾಗ ಒಂದು ಗಂಟೆ ಕಾಲೇಜಿಗೆ ಬನ್ನಿ. ವಿಭಾಗಕ್ಕೆ ಹದಿನೈದು ದಿನ ಮುಂಚೆ ತಿಳಿಸಿ, ಪರೀಕ್ಷೆಯ ದಿನಗಳಲ್ಲಿ ಬೇಡ. ಭಾಷಣ ತಯಾರಿ ಮಾಡಬೇಡಿ. ನಾಲ್ಕು ಕಾಗದ ತನ್ನಿ: ಕೆಲಸ ಸಿಗದ ನಿಮ್ಮ ಮೊದಲ ರೆಸ್ಯೂಮೆ, ಕೆಲಸ ಸಿಕ್ಕ ರೆಸ್ಯೂಮೆ, ಕಂಪನಿಯ ಹೆಸರು ಮುಚ್ಚಿದ ಒಂದು ಪೇಸ್ಲಿಪ್, ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳ ಪಟ್ಟಿ. ಎರಡೂ ರೆಸ್ಯೂಮೆಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಹಾಕಿದ ಕೂಡಲೇ ಹಿಂದಿನ ಬೆಂಚಿನವರೂ ಫೋನು ಕೆಳಗಿಡುವುದನ್ನು ನಾನು ನೋಡಿದ್ದೇನೆ. ಅರ್ಧ ಗಂಟೆ ನೀವು ಮಾತಾಡಿ, ಉಳಿದ ಹೊತ್ತು ಅವರಿಗೆ ಬಿಡಿ. ತುಳುವಿನಲ್ಲಿ ಕೇಳಿದರೆ ತುಳುವಿನಲ್ಲೇ ಹೇಳಿ. ಇಂಗ್ಲಿಷಿನ ಸಂದರ್ಶನದ ಹೆದರಿಕೆಯನ್ನು ಇಂಗ್ಲಿಷಿನಲ್ಲೇ ಹೇಳಿಕೊಳ್ಳಲು ಹಳ್ಳಿಯಿಂದ ಬಂದ ಹುಡುಗನಿಗೆ ಆಗುವುದಿಲ್ಲ.

ರೆಫರಲ್, ಅಂದರೆ ನಿಮ್ಮ ಕಂಪನಿಗೆ ಇನ್ನೊಬ್ಬರ ಹೆಸರು ಸೂಚಿಸುವ ವಿಷಯದಲ್ಲಿ ನೇರವಾಗಿರಿ. ಜೂನಿಯರ್ ಕೇಳಿದರೆ ರೆಸ್ಯೂಮೆ ತರಿಸಿ ಓದಿ. ಹುದ್ದೆಗೆ ಹೊಂದಿದರೆ ಕಳಿಸಿ, ಹೊಂದದಿದ್ದರೆ ಯಾಕೆಂದು ಎರಡು ಸಾಲಿನಲ್ಲಿ ಬರೆಯಿರಿ. "ನೋಡುವ" ಎಂದು ಹೇಳಿ ಸುಮ್ಮನಾಗುವುದು ಬೇಡ. ಆ ಹುಡುಗ ನಿಮ್ಮ ಒಂದು ಮಾತನ್ನು ನಂಬಿ ಬೇರೆ ಅರ್ಜಿಗಳನ್ನು ತಡೆದಿಟ್ಟಿರಬಹುದು.

ಹಳೆ ವಿದ್ಯಾರ್ಥಿ ಸಂಘಕ್ಕೆ ಸದಸ್ಯರಾಗಿ. ಕಾಲೇಜನ್ನು ಅಳೆಯುವ ನ್ಯಾಕ್ ಸಮಿತಿ ಹಳೆ ವಿದ್ಯಾರ್ಥಿಗಳ ಭಾಗವಹಿಸುವಿಕೆಯನ್ನೂ, ಪಾಸಾದವರು ಎಲ್ಲಿ ಕೆಲಸಕ್ಕೆ, ಎಲ್ಲಿ ಓದಿಗೆ ಸೇರಿದರು ಎಂಬುದನ್ನೂ ನೋಡುತ್ತದೆ. ಕಾಲೇಜಿನಿಂದ "ಆಫರ್ ಲೆಟರ್ ಪ್ರತಿ ಕಳಿಸಿ" ಎಂದು ಸಂದೇಶ ಬಂದಾಗ ಉತ್ತರಿಸುವುದೂ ಕೊಡುಗೆಯೇ. ನಿಮ್ಮ ಒಂದು ಪುಟ ಇಲ್ಲದಿದ್ದರೆ ಕಾಲೇಜಿನ ಲೆಕ್ಕದಲ್ಲಿ ನೀವು ಕೆಲಸ ಸಿಗದವರ ಪಟ್ಟಿಯಲ್ಲಿರುತ್ತೀರಿ. ಹಣ ಕೊಡಬೇಕೆನಿಸಿದರೆ ಕೆಲವು ಗೆಳೆಯರು ಸೇರಿ ಒಬ್ಬ ವಿದ್ಯಾರ್ಥಿಯ ಬಸ್ ಪಾಸ್ ಅಥವಾ ಪರೀಕ್ಷಾ ಶುಲ್ಕವನ್ನು ಹೊತ್ತುಕೊಳ್ಳಿ, ಸಂಘದ ಮೂಲಕ, ರಸೀದಿ ಪಡೆದು. ಸಂಸ್ಥೆಗೆ ದೇಣಿಗೆಯ ತೆರಿಗೆ ವಿನಾಯಿತಿಯ (80ಜಿ) ಮಾನ್ಯತೆ ಇದ್ದರೂ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ಹಂತ 10: ಐದನೆಯ ವರ್ಷದ ಹೊತ್ತಿಗೆ

ಸ್ವಾಯತ್ತ ಕಾಲೇಜುಗಳ ಪ್ರತಿ ವಿಷಯದ ಅಧ್ಯಯನ ಮಂಡಳಿಯಲ್ಲಿ, ಯು.ಜಿ.ಸಿ. ನಿಯಮದಂತೆ, ಸ್ನಾತಕೋತ್ತರ ಪದವಿ ಪಡೆದ ಒಬ್ಬ ಪ್ರತಿಭಾವಂತ ಹಳೆ ವಿದ್ಯಾರ್ಥಿಗೆ ಸ್ಥಾನ ಇದೆ. ಉದ್ಯಮ ಕ್ಷೇತ್ರದ ಪ್ರತಿನಿಧಿಗೂ ಒಂದು ಸ್ಥಾನ. ಕಾಲೇಜುಗಳ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲೂ ಹಳೆ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಎಷ್ಟೋ ಕಡೆ ಈ ಸ್ಥಾನಗಳಿಗೆ ಹೆಸರು ಹುಡುಕುವುದೇ ವಿಭಾಗದವರಿಗೆ ಕಷ್ಟ. ಪ್ರತಿ ವರ್ಷ ನಾಲ್ಕು ಸಾಲು ಬರೆಯುತ್ತ ಬಂದ ಹಳೆ ವಿದ್ಯಾರ್ಥಿಯ ಹೆಸರೇ ಆಗ ಮೊದಲು ನೆನಪಾಗುತ್ತದೆ. ಎಂ.ಕಾಂ. ಅಥವಾ ಎಂ.ಎಸ್ಸಿ. ಮುಗಿಸಿದ್ದರೆ, ನಿಮಗೆ ಆಸಕ್ತಿ ಇದೆ ಎಂದು ವಿಭಾಗದ ಮುಖ್ಯಸ್ಥರಿಗೆ ನೀವೇ ಪತ್ರ ಬರೆಯಬಹುದು. ಇದರಲ್ಲಿ ಅತಿಯಾಸೆ ಏನೂ ಇಲ್ಲ.

ಸಭೆಗೆ ಕರೆದರೆ ನಿಮ್ಮ ತಿಂಗಳ ನೋಟ್‌ಬುಕ್ ಹಿಡಿದು ಹೋಗಿ. "ಉದ್ಯಮಕ್ಕೆ ತಕ್ಕ ಪಠ್ಯ ಬೇಕು" ಎನ್ನುವ ಮಾತನ್ನು ಅಧ್ಯಾಪಕರು ಬೇಕಾದಷ್ಟು ಕೇಳಿದ್ದಾರೆ. ಯಾವ ಪತ್ರಿಕೆಯ ಯಾವ ಘಟಕ, ಅದರಲ್ಲಿ ಏನು ತೆಗೆಯಬಹುದು, ಏನು ಸೇರಿಸಬೇಕು, ಅದಕ್ಕೆ ಎಷ್ಟು ಗಂಟೆ ಬೇಕು, ಲ್ಯಾಬಿನಲ್ಲಿ ಇರುವ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆಯೇ ಎಂದು ಬರೆದುಕೊಂಡು ಹೋಗಿ. ತೆಗೆಯುವುದಕ್ಕಿಂತ ಮೊದಲು ಅದನ್ನು ಕಲಿಸುವವರ ಮಾತು ಕೇಳಿ; ನಿಮಗೆ ಬೇಡವೆನಿಸಿದ ಘಟಕ ಬ್ಯಾಂಕ್ ಪರೀಕ್ಷೆಗೋ ಅಧ್ಯಾಪಕ ಅರ್ಹತೆಯ ಕೆ-ಸೆಟ್‌ಗೋ ಓದುವ ಇನ್ನೊಬ್ಬರಿಗೆ ಬೇಕಾಗಿರಬಹುದು. ಸಭೆಯಲ್ಲಿ ಒಪ್ಪಿಗೆಯಾದ ಬದಲಾವಣೆ ವಿದ್ವತ್ ಮಂಡಳಿಯನ್ನು ದಾಟಿ ತರಗತಿಗೆ ಬರುವುದು ಮುಂದಿನ ಶೈಕ್ಷಣಿಕ ವರ್ಷಕ್ಕೆ. ಆ ಹೊಸ ಘಟಕದ ಮೊದಲ ಎರಡು ತರಗತಿಗಳನ್ನು ಆನ್‌ಲೈನಿನಲ್ಲಾದರೂ ನೀವೇ ತೆಗೆದುಕೊಳ್ಳಲು ಸಾಧ್ಯವೇ ಎಂದು ರಜೆಯ ಲೆಕ್ಕ ನೋಡಿ ವಿಭಾಗಕ್ಕೆ ತಿಳಿಸಿ, ವೇಳಾಪಟ್ಟಿ ಹಾಕುವುದು ಜೂನಿಗೆ ಮೊದಲೇ.